ಸಮುದ್ರವಿಲ್ಲದ ಊರಿನ ಬಂದರು ಅಧಿಕಾರಿ

ಹೊಸದಾಗಿ ಕೆಲಸಕ್ಕೆ ಸೇರಿದ ಕಿರಿಯ ಅಧಿಕಾರಿ ಆಕೆಯನ್ನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ. ವಿಪತ್ತು ನಿರ್ವಹಣಾ ಕಚೇರಿ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಜನನ ಮರಣ ನೋಂದಣಿಯ ಪಕ್ಕದಲ್ಲಿತ್ತು. ಒಂದೇ ಕೋಣೆ, ಮೂರು ಮೇಜು, ಬಾಗಿಲು ಪೂರ್ತಿ ಮುಚ್ಚದ ಒಂದು ಬೀರು. ಕಿಟಕಿಯ ಬಳಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ದಪ್ಪ ಕಡತದ ಮೇಲೆ ಮರದ ಸ್ಕೇಲು ಇಟ್ಟು, ಒಂದೊಂದೇ ಸಾಲು ಕೆಳಗೆ ಸರಿಸುತ್ತ ಓದುತ್ತಿದ್ದರು. ಕಿವಿಯ ಹಿಂದೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಅವನು ನೇಮಕಾತಿ ಪತ್ರ ಹಿಡಿದು ನಿಂತಿದ್ದನ್ನು ನೋಡಿ ತಲೆ ಎತ್ತಿದರು.

"ಸರ್, ನಮ್ಮೂರಿಂದ ಸಮುದ್ರ ಎಷ್ಟು ದೂರ ಇರ್ಬೋದು?"

"ರೈಲಲ್ಲಿ ಹೋದ್ರೆ ಪೂರ್ತಿ ಒಂದು ದಿನ."

"ಇಲ್ಲಿ ನೋಡಿ. 'ಅಲೆಗಳ ಎತ್ತರ ಹೆಚ್ಚಾದ ಕೂಡಲೇ ಬಂದರು ಅಧಿಕಾರಿಗೆ ತಿಳಿಸತಕ್ಕದ್ದು.' ಯಾರು ತಿಳಿಸೋದು? ನೀವಾ, ನಾನಾ?"

ಅವನು ನಕ್ಕ. ಆಕೆ ನಗಲಿಲ್ಲ.

ಆಕೆ ಅಲ್ಲಿನ ಗುತ್ತಿಗೆ ಟೈಪಿಸ್ಟ್. ಕಟ್ಟಡದವರೆಲ್ಲ ಟೈಪಿಂಗ್ ಅಕ್ಕ ಎನ್ನುತ್ತಿದ್ದರು. ಆರು ವರ್ಷದ ಹಿಂದೆ ದೇಶದ ರಾಜಧಾನಿಯಲ್ಲಿ ನದಿ ಉಕ್ಕಿ ಅರ್ಧ ನಗರ ಮುಳುಗಿದಾಗ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಕಾನೂನು ಬಂತು. ಕಾನೂನಿಗೊಂದು ಪ್ರಾಧಿಕಾರ ಆಯಿತು, ಪ್ರಾಧಿಕಾರಕ್ಕೆ ಬೋರ್ಡು ಆಯಿತು, ಪ್ರತಿ ಜಿಲ್ಲೆಯೂ ಇಂಥ ದಿನದೊಳಗೆ ಯೋಜನೆ ಬರೆದು ಕಳಿಸಬೇಕೆಂಬ ಆದೇಶವೂ ಆಯಿತು. ದಿನ ಹತ್ತಿರ ಬಂದಿತ್ತು. ಕರಾವಳಿಯ ಜಿಲ್ಲೆಯೊಂದರ ಯೋಜನೆ ಮೊದಲೇ ಸಿದ್ಧವಿತ್ತು. ಈ ಕಚೇರಿಯ ಹಿರಿಯ ಅಧಿಕಾರಿಗಳು ಅದನ್ನು ತರಿಸಿ, ಜಿಲ್ಲೆಯ ಹೆಸರು ಬದಲಿಸಿ ಕಳಿಸಿಬಿಟ್ಟರು. ಇನ್ನೂರ ಹನ್ನೆರಡು ಪುಟ. ಆಗ ಟೈಪ್ ಮಾಡಿದ್ದೂ ಇದೇ ಅಕ್ಕ. ಓದದೆ ಟೈಪ್ ಮಾಡಿದೆನಲ್ಲ ಎಂಬ ಮುಜುಗರ ಆಕೆಯನ್ನು ಬಿಟ್ಟಿರಲಿಲ್ಲ.

ಹಾಗಾಗಿ ಎರಡು ವರ್ಷದಿಂದ ಪ್ರತಿ ಭಾನುವಾರ ಆಕೆ ಹೊಳೆದಂಡೆಯ ತಗ್ಗಿನ ಬೀದಿಗಳಲ್ಲಿ ನೋಟ್‌ಬುಕ್ ಹಿಡಿದು ಓಡಾಡಿದ್ದರು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ದೋಣಿ ಯಾರದು, ಆಶ್ರಯಕ್ಕೆಂದು ಗೊತ್ತುಮಾಡಿದ ಶಾಲೆಯ ಬೀಗದ ಕೈ ರಜಾದಿನ ಯಾರ ಹತ್ತಿರ ಇರುತ್ತದೆ, ಎಲ್ಲ ಬರೆದುಕೊಂಡಿದ್ದರು. ಹಳೆಯ ಪಟ್ಟಿಯ ಎಂಬತ್ತಾರು ಫೋನ್ ನಂಬರಿಗೂ ತಾವೇ ಕರೆ ಮಾಡಿದ್ದರು. ಹನ್ನೊಂದು ಜನ ತೀರಿಕೊಂಡಿದ್ದರು. ಒಂದು ನಂಬರು ಕ್ಷೌರದಂಗಡಿಯದು. "ನೆರೆ ಬಂದ್ರೆ ನಾನೇನಕ್ಕಾ ಮಾಡ್ಲಿ, ಕಟಿಂಗಾ?" ಎಂದು ಅಂಗಡಿಯವನು ಕೇಳಿದ್ದನಂತೆ.

ಅದೆಲ್ಲ ಸೇರಿ ಮೂವತ್ತೊಂದು ಪುಟ ಆಗಿತ್ತು. ಹತ್ತು ದಿನದಲ್ಲಿ ರಾಜಧಾನಿಯಿಂದ ಪ್ರಾಧಿಕಾರದ ತಂಡ ಬಂದು ಯೋಜನೆಗಳಿಗೆ ಅಂಕ ಕೊಡುವುದಿತ್ತು. ಆಕೆಯ ಗುತ್ತಿಗೆ ಮುಗಿಯುವುದೂ ಅದೇ ತಿಂಗಳು. ನವೀಕರಣದ ಕಾಗದ ಹಿರಿಯ ಅಧಿಕಾರಿಗಳ ಡ್ರಾಯರಿನಲ್ಲಿತ್ತು. ಮಗಳ ಕಾಲೇಜು ಮುಗಿಯಲು ಇನ್ನೂ ಎರಡು ವರ್ಷವಿತ್ತು.

ಹಳೆಯದರ ಬದಲು ಇದನ್ನೇ ಕಳಿಸೋಣವೆಂದು ಆಕೆ ತಮ್ಮ ಪುಟಗಳನ್ನು ಹಿರಿಯ ಅಧಿಕಾರಿಗಳ ಮೇಜಿನ ಮೇಲಿಟ್ಟರು. ಹಿರಿಯರು ಬೆರಳಲ್ಲಿ ದಪ್ಪ ನೋಡಿದರು.

"ಏನಮ್ಮಾ ಇದು, ಮದುವೆ ಪತ್ರಿಕೆನಾ? ಅವರು ಹದಿನೆಂಟು ಅಧ್ಯಾಯ ಕೇಳಿದಾರೆ. ನಿಂದು ನಾಲ್ಕಿದೆ."

"ನಾಲ್ಕೂ ನಮ್ಮೂರಿಂದೇ ಸರ್."

"ಒಂದು ಕೆಲಸ ಮಾಡು. ಇದನ್ನ ಅದರ ಕೊನೇಲಿ ಹೊಲಿಸಿಬಿಡು. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಕೊನೇಲಿ ಹಾಕಿದ್ರೆ, ನೀರು ಬಂದ ದಿನ ಇನ್ನೂರು ಪುಟ ಈಜ್ಕೊಂಡು ಹೋಗ್ಬೇಕಲ್ಲ ಸರ್?"

ಹಿರಿಯರು ಮೆಲ್ಲಗೆ ಡ್ರಾಯರು ಎಳೆದು, ಮತ್ತೆ ಮುಚ್ಚಿದರು. "ನಿನ್ನಿಷ್ಟ. ನಾನಂತೂ ಸಹಿ ಹಾಕಲ್ಲ. ಇವರು ಹಾಕ್ತಾರಾ ಕೇಳು," ಎಂದು ಕಿರಿಯ ಅಧಿಕಾರಿಯತ್ತ ಕೈ ತೋರಿಸಿದರು.

ಅವನಿಗೆ ಸಹಿ ಹಾಕುವ ಅಧಿಕಾರವೇನೋ ಇತ್ತು. ಅವನು ಮೂವತ್ತೊಂದು ಪುಟವನ್ನೂ ಮನೆಗೆ ಒಯ್ದು ಓದಿದ. ಮರುದಿನ ಅಕ್ಕನ ಮೇಜಿನೆದುರು ನಿಂತು, "ಇದನ್ನ ಕಳಿಸಿದ್ರೆ ನನಗೆ ಬೈಗುಳ ಬೀಳುತ್ತೆ, ನಿಮ್ಮ ಕೆಲಸ ಹೋಗುತ್ತೆ. ಮನೇಲಿ ಕೇಳಿದೀರಾ?" ಎಂದ.

"ಕೇಳ್ದೆ. ಅತ್ತೆ, ಇಲ್ಲದ ಸಮುದ್ರಕ್ಕೆ ಬಿದ್ದು ಸಾಯೋಳು ನೀನೊಬ್ಳೇ ಅಂದ್ರು. ನಮ್ಮನೆಯವ್ರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಬ್ರೇಕ್ ಹಿಡೀದಿದ್ರೆ ಹಿಡಿಯಲ್ಲ ಅಂತ ಬರೀಬೇಕು ಕಣೆ, ಅಂದ್ರು."

"ನೀವೇನಂತೀರಿ?"

"ಒಂದ್ಸಲ ಓದದೆ ಟೈಪ್ ಮಾಡಿದೀನಿ ಸರ್. ಇನ್ನೊಂದ್ಸಲ ಆಗಲ್ಲ."

ಅವನು ಸಹಿ ಹಾಕಿದ.

ತಂಡ ಬಂದು ಚಹಾ ಕುಡಿದು ಅಧ್ಯಾಯ ಎಣಿಸಿ ಹೋಯಿತು. ಜಿಲ್ಲೆಗೆ ನೂರಕ್ಕೆ ಇಪ್ಪತ್ತೆರಡು ಅಂಕ ಬಂತು. ಕೊನೆಯಿಂದ ಎರಡನೇ ಸ್ಥಾನ. ತಿಂಗಳ ಕೊನೆಗೆ ಅಕ್ಕ ಸ್ಕೇಲು, ಪೆನ್ಸಿಲ್, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಹಿರಿಯರು ಎದ್ದು ನಿಂತು ಕೈ ಮುಗಿದರು. ಆದರೆ ಕಾಗದ ಡ್ರಾಯರಿನಿಂದ ಹೊರಗೆ ಬರಲಿಲ್ಲ.

ಐದು ತಿಂಗಳ ನಂತರ ಪ್ರಾಧಿಕಾರದಿಂದ ಎಲ್ಲ ಜಿಲ್ಲೆಗಳಿಗೂ ಸುತ್ತೋಲೆ ಬಂತು. ಅಂಕಪಟ್ಟಿಯ ಷರಾ ಕಾಲಮಿನಲ್ಲಿ ತಂಡದವರೊಬ್ಬರು ಬರೆದಿದ್ದ ಮಾತು ಅದರಲ್ಲಿ ಆದೇಶವಾಗಿತ್ತು: ಯೋಜನೆಯಲ್ಲಿರುವ ಪ್ರತಿ ಹೆಸರು, ನಂಬರನ್ನು ವರ್ಷಕ್ಕೆ ಎರಡು ಸಲ ಕರೆ ಮಾಡಿ ಖಚಿತಪಡಿಸಿಕೊಳ್ಳತಕ್ಕದ್ದು. ಅದು ಯಾರ ಕೆಲಸ ನೋಡಿ ಬರೆದದ್ದು ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ಕಿರಿಯ ಅಧಿಕಾರಿ ತನ್ನ ಕಚೇರಿಗೆ ಆಕೆಯನ್ನು ಮತ್ತೆ ತೆಗೆದುಕೊಳ್ಳಲು ಎರಡು ಸಲ ಬರೆದ. ಗುತ್ತಿಗೆ ನವೀಕರಣವಾಗದೆ ಹೋದವರಿಗೆ ಅದೇ ಕಚೇರಿಯಲ್ಲಿ ಮತ್ತೆ ಅವಕಾಶವಿಲ್ಲ ಎಂದು ಎರಡು ಸಲವೂ ಉತ್ತರ ಬಂತು. ಪಕ್ಕದ ಜಿಲ್ಲೆಯವರಿಗೆ ಆ ತೊಡಕು ಇರಲಿಲ್ಲ.

ಈಗ ಆಕೆ ದಿನಾ ಏಳೂವರೆಯ ಬಸ್ಸಿಗೆ ಪಕ್ಕದ ಜಿಲ್ಲೆಯ ಕಚೇರಿಗೆ ಹೋಗುತ್ತಾರೆ. ಅಲ್ಲೂ ಗುತ್ತಿಗೆ ಕೆಲಸವೇ. ನಾನೂರ ಹತ್ತು ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಿ, ಎತ್ತಿದವರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ.