ಚುನಾವಣೆ ಮುಗಿಯಲಿ, ಆಮೇಲೆ ಮದುವೆ

ಅಕ್ಟೋಬರ್ ಬಂತೆಂದರೆ ಕತಲೀನಾ ಹೋಗ್ಲಂಡ್‌ಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಕಡೆ ಗಾಣದ ಮನೆಯಲ್ಲಿ ಸೇಬಿನ ರಾಶಿ, ಇನ್ನೊಂದು ಕಡೆ ಚುನಾವಣೆ. ಕುದುರೆ ಗಾಣ ಸುತ್ತುತ್ತಿರಬೇಕು, ರಸ ಪೀಪಾಯಿಗೆ ಇಳಿಯುತ್ತಿರಬೇಕು, ಅವಳು ಮಾತ್ರ ಬಾಗಿಲಲ್ಲಿ ನಿಂತು ಹೋಗಿಬರುವ ಗಂಡಸರನ್ನೆಲ್ಲ ತಡೆದು, "ಏನಪ್ಪಾ, ಈ ಸಲ ಯಾರ ಕಡೆ?" ಎಂದು ಕೇಳುತ್ತಿರಬೇಕು. ರಾರಿಟನ್ ನದಿಯ ಈ ದಂಡೆಯಲ್ಲಿ ನಾವೆಲ್ಲ ಹಳೆಯ ಡಚ್ ಮನೆತನದವರು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ತಾಂತೆ ಎನ್ನುತ್ತಿದ್ದರು. ಚಿಕ್ಕಮ್ಮನಿಗೂ ಅತ್ತೆಗೂ ಒಪ್ಪುವ ಮಾತು ಅದು. ಅವಳ ವಿಷಯದಲ್ಲಿ ಸ್ವಲ್ಪ ಹೆದರಿಕೆಯೂ ಬೆರೆತಿತ್ತು.

ಇಂಗ್ಲಿಷರ ಆಳ್ವಿಕೆ ಕಿತ್ತೆಸೆಯಲು ನಡೆದ ಯುದ್ಧದ ಕಾಲದಲ್ಲಿ ಅವಳಿನ್ನೂ ಹೊಸ ಮದುವಣಗಿತ್ತಿ. ಇಂಗ್ಲಿಷರ ದಂಡು ಬಂದು ಹಂದಿಗಳನ್ನೆಲ್ಲ ಹೊಡೆದುಕೊಂಡು ಹೋಯಿತು. ನಮ್ಮದೇ ದಂಡು ಬಂದು ಬೇಲಿ ಕಿತ್ತು ಒಲೆಗೆ ಹಾಕಿತು. ಊರಿನ ಪಡೆಯ ಜೊತೆ ಹೋದ ಗಂಡ ಗೆರಿಟ್ ಶಿಬಿರದಲ್ಲೇ ಸಿಡುಬಿಗೆ ಸಿಕ್ಕಿ ತೀರಿಕೊಂಡ. ಆ ಚಳಿಗಾಲ ಜ್ವರದ ಸಿಪಾಯಿಗಳನ್ನು ತಂದು ಅವಳ ಅಡುಗೆಮನೆಯಲ್ಲಿ ಮಲಗಿಸಿದರು. ಅವರಲ್ಲೊಬ್ಬ ಟ್ಯೂನಿಸ್ ವೈಕಾಫ್, ಪಕ್ಕದ ಹಳ್ಳಿಯವನು. ಸತ್ತೇಹೋದ ಎಂದು ಎಲ್ಲರೂ ಕೈಬಿಟ್ಟವನನ್ನು ಅವಳು ಗಂಜಿ ಕುಡಿಸಿ, ಬೈದು, ಬದುಕಿಸಿದಳು.

ಯುದ್ಧ ಮುಗಿಯಿತು. ಗಂಡಸರಿಗೆಲ್ಲ ಒಂದೊಂದು ಬಿರುದು ಬಂತು. ಟ್ಯೂನಿಸ್ ಕ್ಯಾಪ್ಟನ್ ಆದ. ಇಡೀ ಯುದ್ಧವನ್ನು ಬೆಚ್ಚನೆಯ ಕೋಣೆಯಲ್ಲಿ ನಕ್ಷೆ ಬಿಡಿಸುತ್ತ ಕಳೆದ ಬಾರ್ಕಲೂ ಎಂಬವನು ಜನರಲ್ ಆದ. ತಾಂತೆಗೆ ಸಿಕ್ಕಿದ್ದು ಒಂದು ವೋಟು.

ನ್ಯೂಜೆರ್ಸಿಯಲ್ಲಿ ಆಗ ಹಾಗಿತ್ತು. ಕೈಯಲ್ಲಿ ಇಷ್ಟು ಆಸ್ತಿಯಿದ್ದರೆ ಹೆಂಗಸೂ ವೋಟು ಹಾಕಬಹುದು. ಮದುವೆಯಾದವಳ ಆಸ್ತಿ ಗಂಡನದಾಗುತ್ತಿದ್ದುದರಿಂದ ಅವಳಿಗೆ ಇಲ್ಲ. ವಿಧವೆಯರಿಗೂ ಮದುವೆಯಾಗದವರಿಗೂ ಉಂಟು. ಮೊದಲ ಸಲ, ವೋಟು ನಡೆಯುತ್ತಿದ್ದ ಹರ್ಮಾನಸ್‌ನ ಹೆಂಡದಂಗಡಿಗೆ ಹೋಗಿ, ಹೊಗೆಸೊಪ್ಪಿನ ಹೊಗೆಯ ನಡುವೆ, ನಗುತ್ತಿದ್ದ ಗಂಡಸರನ್ನೆಲ್ಲ ಸರಿಸಿಕೊಂಡು, ಪೆಟ್ಟಿಗೆಯೊಳಗೆ ಚೀಟಿ ಹಾಕಿದಳು. ಹೊರಗೆ ಬಂದವಳಿಗೆ ಕುಣಿಯಬೇಕೆನಿಸಿತು.

"ಅಷ್ಟಕ್ಕೇ ಇಷ್ಟು ಖುಷೀನಾ ತಾಂತೆ?" ಎಂದ ಹರ್ಮಾನಸ್.

"ನನ್ ಹಂದಿ ಹೊಡ್ಕೊಂಡ್ ಹೋಗೋವಾಗ ಯಾರಾದ್ರೂ ಕೇಳಿದ್ರಾ? ಬೇಲಿ ಕೀಳೋವಾಗ ಕೇಳಿದ್ರಾ? ಗಂಡನ್ನ ಕರ್ಕೊಂಡ್ ಹೋಗೋವಾಗ ಕೇಳಿದ್ರಾ? ಇವತ್ತು ಕೇಳಿದಾರೆ ಕಣೋ, ನಿನಗೆ ಯಾರು ಬೇಕು ಅಂತ!"

ಕ್ಯಾಪ್ಟನ್ ಟ್ಯೂನಿಸ್ ಪ್ರತಿನಿಧಿ ಸಭೆಗೆ ನಿಂತ ವರ್ಷವೇ ಅವಳನ್ನು ಮದುವೆಗೆ ಕೇಳಿದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ, ಗಾಣದ ಮನೆಯ ಕೆಸರಿನಲ್ಲೇ ನಿಂತು ಕೇಳಿದ. ತಾಂತೆಗೂ ಅವನೆಂದರೆ ಪ್ರಾಣ. ಮುಖ ಕೆಂಪಾಯಿತು. ಆದರೂ ಬಾಯಿಗೆ ಬಂದದ್ದು ಬೇರೆ.

"ಆಗ್ಲಿ ಕ್ಯಾಪ್ಟನ್ರೇ. ಆದ್ರೆ ಚುನಾವಣೆ ಮುಗೀಲಿ. ಈಗ್ಲೇ ಮದುವೆ ಆದ್ರೆ ನನ್ ವೋಟು ಹೋಗತ್ತೆ."

"ಅದೂ ಸರಿ," ಎಂದ ಟ್ಯೂನಿಸ್. "ಒಂದು ವೋಟು ನಾನ್ಯಾಕೆ ಕಳ್ಕೊಳ್ಳಲಿ!"

ಅವನು ಎಡವಿದ್ದು ಅಲ್ಲೇ. ನಮ್ಮಲ್ಲಿ ಚುನಾವಣೆ ವರ್ಷಕ್ಕೊಂದು. ಒಂದು ಮುಗಿಯಿತೆನ್ನುವಾಗ ಮುಂದಿನದರ ಗದ್ದಲ ಶುರು. ಟ್ಯೂನಿಸ್ ಗೆದ್ದ, ಸೋತ, ಮತ್ತೆ ಗೆದ್ದ. ಪ್ರತಿ ನವೆಂಬರಿನಲ್ಲೂ ಒಳ್ಳೆಯ ಕೋಟು ಹಾಕಿಕೊಂಡು ಬಂದು, "ಮುಗೀತಲ್ಲ ಕತಲೀನಾ?" ಎನ್ನುತ್ತಿದ್ದ. ಅವಳು ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಸಿಹಿ ಉಂಡೆಗಳನ್ನು ಅವನ ಮುಂದಿಟ್ಟು, "ಮುಂದಿನದು ಮುಗೀಲಿ" ಎನ್ನುತ್ತಿದ್ದಳು. ಅವನು ಸಕ್ಕರೆ ಮೆತ್ತಿದ ಮೀಸೆಯಲ್ಲೇ ಪೆಚ್ಚಾಗಿ ನಗುತ್ತಿದ್ದ.

ಅವನಿಗೇ ವೋಟು ಹಾಕುತ್ತಿದ್ದಳೇ ಎಂದರೆ ಅದೂ ಗ್ಯಾರಂಟಿ ಇರಲಿಲ್ಲ. ಒಂದು ವರ್ಷ ಅವನ ಮುಖಕ್ಕೇ ಹೇಳಿದಳು, "ಈ ಸಲ ಜನರಲ್‌ಗೆ ಹಾಕ್ದೆ."

ಟ್ಯೂನಿಸ್‌ನ ಕೈಯಲ್ಲಿದ್ದ ಲೋಟ ಜಾರಿತು. "ಆ ಬಾರ್ಕಲೂಗಾ? ಒಂದು ಗುಂಡೂ ಹಾರಿಸ್ದೇ ಇರೋನಿಗೆ?"

"ಗುಂಡು ಹಾರಿಸ್ದಿದ್ರೂ ಸೇತುವೆ ಕಟ್ಟಿಸ್ತೀನಿ ಅಂದಿದಾನೆ. ನೀವು ಎರಡು ಗಂಟೆ ಭಾಷಣ ಮಾಡಿದ್ರಿ, ಸೇತುವೆ ಮಾತೇ ಎತ್ತಲಿಲ್ಲ."

ಅವನು ಸಿಟ್ಟಾಗಿ ಹೊರಟುಹೋದ. ಮೂರನೇ ದಿನ ಬಂದು, ಸೇತುವೆ ಎಲ್ಲಿ ಬೇಕು ಹೇಳು ಎಂದು ಕೇಳಿದ. ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

ಹೀಗೇ ಕೂದಲು ನೆರೆಯುತ್ತ ಬಂದು ೧೮೦೭ ಬಂತು. ಆ ವರ್ಷ ಬೇರೊಂದು ಜಿಲ್ಲೆಯಲ್ಲಿ ಕೋರ್ಟಿನ ಕಟ್ಟಡ ಎಲ್ಲಿ ಕಟ್ಟಬೇಕೆಂಬ ಜಗಳಕ್ಕೆ ವೋಟು ನಡೆದು, ಊರಿಗೆ ಊರೇ ಹುಚ್ಚೆದ್ದಿತ್ತು. ಕೆಲವು ಗಂಡಸರು ಲಂಗ ತೊಟ್ಟು, ಮುಸುಕು ಹಾಕಿಕೊಂಡು, ಎರಡೆರಡು ಸಲ ವೋಟು ಹಾಕಿ ಬಂದರಂತೆ. ಮೋಸ ಮಾಡಿದ್ದು ಲಂಗದೊಳಗಿದ್ದ ಗಂಡಸರು. ತಪ್ಪು ಹೊರಿಸಿದ್ದು ಮಾತ್ರ ಲಂಗದ ಮೇಲೆ! ಹೆಂಗಸರಿಗೆ ವೋಟೇ ಬೇಡ ಎಂಬ ಮಸೂದೆ ರಾಜಧಾನಿ ಟ್ರೆಂಟನ್‌ನಲ್ಲಿ ಪ್ರತಿನಿಧಿ ಸಭೆಯ ಮುಂದೆ ಬಂತು. ಟ್ಯೂನಿಸ್ ಆ ವರ್ಷ ಗೆದ್ದಿದ್ದ. ಅವನೂ ಅಲ್ಲೇ ಇದ್ದ.

ಹರ್ಮಾನಸ್‌ನ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. "ಕ್ಯಾಪ್ಟನ್ ಅದೃಷ್ಟ ನೋಡ್ರೋ!" ಎಂದು ಹರ್ಮಾನಸ್ ಮೇಜು ಗುದ್ದಿದ. "ಕಾನೂನು ಬದಲಾಯ್ಸಿ ಹೆಂಡ್ತಿ ತರೋನು ಭೂಮೀಲಿ ಇವನೊಬ್ಬನೇ! ವೋಟು ಹೋದ್ರೆ ತಾಂತೆ ಇನ್ಯಾವ ನೆಪ ಹೇಳ್ತಾಳೆ?"

ಸೇಬಿನ ರಸದ ಪೀಪಾಯಿ ಇಳಿಸಲು ಬಂದ ತಾಂತೆ ಅದನ್ನು ಬಾಗಿಲಲ್ಲೇ ಕೇಳಿಸಿಕೊಂಡಳು. ಇಷ್ಟು ವರ್ಷ ಈ ಯೋಚನೆ ತನಗೇಕೆ ಬರಲಿಲ್ಲ! ಟ್ಯೂನಿಸ್ ಒಂದು ಸಲ ಎದ್ದುನಿಂತು ಹೌದು ಎಂದರೆ ಸಾಕು, ಅವನಿಗೆ ಬೇಕಾದದ್ದು ಅವನ ಅಂಗಳಕ್ಕೇ ಬರುತ್ತದೆ. ಹಾಗೆ ಮಾಡಿದವನ ಮುಖ ಈ ಜನ್ಮದಲ್ಲಿ ನೋಡುವುದಿಲ್ಲ ಎಂದುಕೊಂಡಳು. ಮಾಡದಿರಲಿ ದೇವರೇ ಎಂದೂ ಬೇಡಿಕೊಂಡಳು. ಮನೆಗೆ ಬಂದು ಸುಮ್ಮನೆ ಕೂರಲಾಗದೆ, ಬೇಕಿಲ್ಲದಿದ್ದರೂ ಗಾಣ ತೊಳೆದಳು.

ಮಸೂದೆ ಪಾಸಾಯಿತೆಂಬ ಸುದ್ದಿ ಟಪಾಲಿನವನ ಜೊತೆ ಮೊದಲು ಬಂತು. ಮರುದಿನ ಮಧ್ಯಾಹ್ನ ಟ್ಯೂನಿಸ್ ಬಂದು ಹೆಂಡದಂಗಡಿಯ ಮುಂದೆ ಕುದುರೆ ನಿಲ್ಲಿಸಿದ. ಕುದುರೆ ಇಳಿಯುವ ಮೊದಲೇ ಅರ್ಧ ಊರು ಸುತ್ತ ನೆರೆದಿತ್ತು. ಹರ್ಮಾನಸ್ ಟೋಪಿ ಗಾಳಿಗೆ ಎಸೆದು, "ಮದುಮಗ ಬಂದ!" ಎಂದು ಕೂಗಿದ. ಗುಂಪನ್ನು ಸೀಳಿಕೊಂಡು ತಾಂತೆ ಬಂದಳು. ಕೆಲಸಕ್ಕೆಂದು ಮಡಚಿದ್ದ ಅಂಗಿಯ ತೋಳು ಹಾಗೇ ಇತ್ತು, ಕಣ್ಣು ಕೆಂಡವಾಗಿತ್ತು.

"ಸಭೇಲಿ ವೋಟಿಗೆ ನಿಮ್ ಹೆಸರು ಕರೆದ್ರಾ?"

"ಕರೆದ್ರು."

"ಎದ್ದು ಏನಂದ್ರಿ?"

ಟ್ಯೂನಿಸ್ ಲಗಾಮು ಬಿಡಲಿಲ್ಲ, ಅವಳ ಕಡೆ ನೋಡಲೂ ಇಲ್ಲ. "ಬೇಡ ಅಂದೆ. ಈ ಕಾನೂನು ಬೇಡ ಅಂದೆ. ಎಲ್ರೂ ನಕ್ರು. ಬೇಡ ಅಂದೋರು ಬೆರಳಲ್ಲಿ ಎಣಿಸೋಷ್ಟು ಜನ. ಉಳಿಸೋಕೆ ಆಗ್ಲಿಲ್ಲ, ಕತಲೀನಾ."

ಹರ್ಮಾನಸ್ ಬಗ್ಗಿ, ಕೆಳಗೆ ಬಿದ್ದಿದ್ದ ಟೋಪಿ ಎತ್ತಿಕೊಂಡ.

"ಹೌದು ಅಂದಿದ್ರೆ ನಾನು ಸಿಗ್ತಿದ್ದೆ ಅಂತ ಗೊತ್ತಿರಲಿಲ್ವಾ?"

"ದಾರಿಯುದ್ದಕ್ಕೂ ಅದೇ ಯೋಚ್ನೆ. ಹೌದು ಅನ್ನೋಕೇ ಎದ್ದೆ," ಎಂದ ಅವನು. "ಬಾಯಿ ಬರ್ಲಿಲ್ಲ. ನೀನು ಚೀಟಿ ಹಾಕಿ ಹೊರಗೆ ಬರೋವಾಗ ಮುಖ ಹೇಗಿರತ್ತೆ ಅಂತ ನಾನು ನೋಡಿದೀನಿ."

ತಾಂತೆ ಅತ್ತಳು. ಯುದ್ಧದಲ್ಲಿ ಗಂಡ ಸತ್ತಾಗಲೂ ಊರಿನವರ ಮುಂದೆ ಅಳದವಳು, ಹೆಂಡದಂಗಡಿಯ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ಹೋದದ್ದಕ್ಕೆ ಅತ್ತಳು, ಸಿಕ್ಕಿದ್ದಕ್ಕೂ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ಅವನ ಕೈಯಿಂದ ಲಗಾಮು ಕಿತ್ತು ಹರ್ಮಾನಸ್‌ನ ಕೈಗೆ ತುರುಕಿ, ನೇರ ಚರ್ಚಿನ ಕಡೆ ನಡೆದಳು. ಟ್ಯೂನಿಸ್ ಓಡೋಡಿ ಹಿಂದೆ ಹೋದ. ಊರೂ ಹೋಯಿತು.

ಬಾಗಿಲು ತೆರೆದ ಪಾದ್ರಿ ಅಷ್ಟು ಜನರನ್ನು ಕಂಡು ಗಾಬರಿಯಾದರು. "ಇಷ್ಟು ವರ್ಷ ಬೇಡ ಅಂದವಳಿಗೆ ಇವತ್ತೇನಮ್ಮ ಇಷ್ಟು ಅವಸರ?"

"ನನ್ ಹತ್ರ ಒಂದೇ ಒಂದು ವೋಟು ಇತ್ತು ಪಾದ್ರಿಗಳೇ. ಅದನ್ನ ಬಿಟ್ಟು ಬರೋಕೆ ಮನಸ್ಸಿರಲಿಲ್ಲ," ಎಂದಳು ತಾಂತೆ. "ಟ್ರೆಂಟನ್‌ನಲ್ಲಿ ಎಲ್ರೂ ಸೇರಿ ಅದನ್ನ ಕಿತ್ಕೊಂಡ್ರು. ಅದ್ರಿಂದ ಲಾಭ ಆಗೋದು ಈ ಮನುಷ್ಯನಿಗೆ. ಇವನೇ ಆ ಕಾನೂನು ಬೇಡ ಅಂದ."