ಮಾವಶಿ ಒತ್ತಿದ ಉಸಿರು

ಮೊನ್ನೆ ಸೊಲ್ಲಾಪುರದ ಆಸ್ಪತ್ರೆಯಲ್ಲಿ ನನ್ನ ಕಪಾಟು ಚೊಕ್ಕಟ ಮಾಡುವಾಗ ಹಳೆಯ ಏಪ್ರನ್ನಿನ ಕಿಸೆಯಿಂದ ಕಾಗದದ ಪೊಟ್ಟಣವೊಂದು ಬಿತ್ತು. ಬಿಚ್ಚುವ ಮೊದಲೇ ಅರಿಷಿಣದ ವಾಸನೆ ಬಂತು. ಹುಲಜಂತಿ ದೇವರ ಭಂಡಾರ, ಭಕ್ತರು ಹಣೆಗೆ ಹಚ್ಚುವ ಅರಿಷಿಣದ ಪುಡಿ. ಈ ವಾಸನೆಗೆ ಬೇರೆಯವರಿಗೆ ಭಕ್ತಿ ಬರುತ್ತದೆ. ನನಗೆ ಅಂಗೈ ತಣ್ಣಗಾಗುತ್ತದೆ, ಹದಿನಾಲ್ಕು ವರ್ಷವಾದರೂ...

ಆಗ ನಾನು ಅಕ್ಕಲಕೋಟದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಓದು ಮುಗಿಸಿ ಮೂರೇ ತಿಂಗಳಾಗಿತ್ತು. ಪಕ್ಕದ ಹನ್ನೂರಿನ ಹುಡುಗಿ ಡಾಕ್ಟರಾಗಿ ಬಂದಿದ್ದಾಳೆಂದು ಜನ ತಿರುಗಿ ನೋಡುತ್ತಿದ್ದರು, ನನ್ನ ಕಾಲೂ ನೆಲದ ಮೇಲೆ ಇರಲಿಲ್ಲ. ಆಪರೇಶನ್ ಕೋಣೆಯಲ್ಲಿ ಒಬ್ಬ ಮಾವಶಿ ಇದ್ದಳು. ನಮ್ಮ ಕಡೆ ಆಸ್ಪತ್ರೆಯ ಆಯಾಗಳನ್ನೆಲ್ಲ ಮಾವಶಿ ಅಂತಲೇ ಕರೆಯುವುದು. ಕಂದಲಗಾಂವದವಳು. ನೆಲ ಒರೆಸುವುದು, ರೋಗಿಯ ಮೈ ತೊಳೆದು ತಯಾರು ಮಾಡುವುದು ಅವಳ ಕೆಲಸ. ಇಪ್ಪತ್ತೈದು ವರ್ಷದಿಂದ ಅದೇ ಕೋಣೆಯಲ್ಲಿದ್ದಳು. ಎಷ್ಟು ಜನ ಮಲಗಿದ್ದನ್ನು, ಎಷ್ಟು ಜನ ಎದ್ದದ್ದನ್ನು ಅವಳು ನೋಡಿರಬೇಕು! ಅದು ನನ್ನ ತಲೆಗೇ ಹೋಗಿರಲಿಲ್ಲ.

ಒಂದು ದಿನ ಪಿತ್ತಕೋಶದಲ್ಲಿ ಹರಳಿದ್ದ ಅಜ್ಜ ಬಂದ. ಕುರಿ ಕಾಯುವವನು, ಹಣೆ ತುಂಬ ಭಂಡಾರ, ಎದೆಯವರೆಗೆ ಬಿಳಿ ದಾಡಿ. ಮಗನಿಗೆ ಕೂಸಾಗುವ ತನಕ ದಾಡಿಗೆ ಕತ್ತರಿ ಮುಟ್ಟಿಸುವುದಿಲ್ಲವೆಂದು ಹುಲಜಂತಿಯಲ್ಲಿ ಹರಕೆ ಹೊತ್ತಿದ್ದ. ನಾನು ಬಾಯಿ ತೆರೆಸಿ ನೋಡಿದೆ, ಕುತ್ತಿಗೆ ಆಡಿಸಿ ನೋಡಿದೆ. ಹರಕೆಯ ದಾಡಿಗೆ ಕೈ ಹಾಕುವುದು ಬೇಡವೆನ್ನಿಸಿತು. ಅದನ್ನು ಗೌರವ ಅಂದುಕೊಂಡಿದ್ದೆ, ಅರ್ಧ ಅದು ಸೋಮಾರಿತನ.

ಮರುದಿನ ಬೆಳಿಗ್ಗೆ ಮಾವಶಿ ಬಾಗಿಲಲ್ಲೇ ನನ್ನನ್ನು ತಡೆದಳು.

"ಮ್ಯಾಡಂ, ಆ ಅಜ್ಜಗ ಗದ್ದಾನ ಇಲ್ರಿ. ದಾಡಿ ತೊಳದಾಗ ನೋಡೀನಿ, ಒಳಗ ಜಗ್ಗಿಕೊಂಡದ. ಇಂಥಾವ್ರಿಗೆ ನಳಿಕೆ ಹಾಕೂದು ಭಾಳ ತ್ರಾಸ ಆಗ್ತದ್ರಿ."

ಸರ್ಜನ್ ಆಗಲೇ ಕೈ ತೊಳೆದು ನಿಂತಿದ್ದರು. ಅವರ ಮುಂದೆ ಆಯಾ ನನಗೆ ಪಾಠ ಹೇಳುವುದೇ? "ಬಾಯಿ ಚಲೋ ತೆರೀತದ ಮಾವಶಿ, ನೀ ನಿನ್ನ ಕೆಲಸ ನೋಡು" ಅಂದೆ. ಅವಳು ಒಳಗೆ ಹೋದಳು.

ಮದ್ದು ಕೊಟ್ಟೆ. ಅಜ್ಜ ಕಣ್ಣು ಮುಚ್ಚಿದ, ಉಸಿರು ನಿಂತಿತು. ನಿಲ್ಲಬೇಕಾದದ್ದೇ; ಅಲ್ಲಿಂದ ಮುಂದೆ ಅವನ ಉಸಿರು ನನ್ನ ಕೈಯಲ್ಲಿ. ಮುಖಕ್ಕೆ ಮಾಸ್ಕ್ ಇಟ್ಟು ಗಾಳಿಯ ಚೀಲ ಒತ್ತಿದೆ. ಗಾಳಿಯೆಲ್ಲ ದಾಡಿಯ ಸಂದಿಯಿಂದ ಬುಸ್ಸೆಂದು ಹೊರಗೆ ಹೋಯಿತು, ಎದೆ ಏಳಲಿಲ್ಲ. ನಳಿಕೆ ಹಾಕಲು ಬಾಯಲ್ಲಿ ದೀಪ ಬಿಟ್ಟು ನೋಡಿದೆ. ನಾಲಿಗೆ, ಬರೀ ನಾಲಿಗೆ. ಗಂಟಲಿನ ದಾರಿಯೇ ಕಾಣಲಿಲ್ಲ. ಮತ್ತೊಮ್ಮೆ ನೋಡಿದಾಗ ರಕ್ತ ಕಂಡಿತು.

ರಕ್ತದಲ್ಲಿ ಆಮ್ಲಜನಕ ಇಳಿದಂತೆ ಮಾನಿಟರಿನ ದನಿಯೂ ಇಳಿಯುತ್ತದೆ. ತೊಂಬತ್ತು. ಎಂಬತ್ತೆರಡು. ಎಪ್ಪತ್ತು. ದನಿ ದಪ್ಪವಾಗುತ್ತ ಹೋಯಿತು, ಅಜ್ಜನ ತುಟಿ ನೀಲಿಯಾಯಿತು. ಗಂಟಲು ಕೊಯ್ದು ಉಸಿರಿಗೆ ದಾರಿ ಮಾಡಲು ಸರ್ಜನ್ ಚಾಕು ಕೇಳಿದರು. ಮುಂದೇನು ಮಾಡಬೇಕೆಂಬುದು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆ ಹೊತ್ತಿಗೆ ಒಂದಕ್ಷರ ನೆನಪಾಗಲಿಲ್ಲ. ನಾನು ಒಬ್ಬ ಮನುಷ್ಯನನ್ನು ಕೊಲ್ಲುತ್ತಿದ್ದೇನೆ ಎಂಬುದೊಂದೇ ಗೊತ್ತಿತ್ತು. ಅಷ್ಟು ಹೆದರಿಕೆ ಮುಂದೆಂದೂ ನನಗಾಗಿಲ್ಲ.

ಪಕ್ಕದಿಂದ ಎರಡು ಕೈ ಬಂದವು. ಮಾವಶಿ ನಳಿಕೆಗೆ ಹಚ್ಚುವ ಜೆಲ್ಲಿಯನ್ನು ಅಂಗೈ ತುಂಬ ತಗೊಂಡು ದಾಡಿಗೆ ಬಳಿದು, ಕೂದಲನ್ನೆಲ್ಲ ಚರ್ಮಕ್ಕೆ ಅಂಟಿಸಿದಳು.

"ಮ್ಯಾಡಂ, ಮಾಸ್ಕ್ ಎರಡೂ ಕೈಲೆ ಗಟ್ಟಿ ಹಿಡೀರಿ. ಚೀಲ ನಾ ಒತ್ತತೀನಿ."

ಹಿಡಿದೆ. ಅವಳು ಒತ್ತಿದಳು. ಅಜ್ಜನ ಎದೆ ಎದ್ದಿತು. ಮತ್ತೆ ಒತ್ತಿದಳು, ಮತ್ತೆ ಎದ್ದಿತು. ದನಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂತು. ಮದ್ದಿನ ಜೋರು ಇಳಿದು ಅಜ್ಜ ತಾನೇ ಉಸಿರಾಡುವ ತನಕ ನಾವಿಬ್ಬರೂ ಕದಲಲಿಲ್ಲ. ಇದನ್ನು ಎಲ್ಲಿ ಕಲಿತೆ ಎಂದು ಆಮೇಲೆ ಅವಳನ್ನು ಕೇಳಿದೆ. ಬಹಳ ಹಿಂದೆ ಒಬ್ಬ ಹಿರಿಯ ಡಾಕ್ಟರು ಹೀಗೆ ಮಾಡಿದ್ದನ್ನು ನೋಡಿ ನೆನಪಿಟ್ಟಿದ್ದಳಂತೆ.

ಅವತ್ತು ಆಪರೇಶನ್ ಮಾಡಲಿಲ್ಲ, ಅಜ್ಜನನ್ನು ಸೊಲ್ಲಾಪುರಕ್ಕೆ ಕಳಿಸಿದೆವು. ಅಲ್ಲಿ ಎಚ್ಚರವಿದ್ದಾಗಲೇ ಕ್ಯಾಮೆರಾದಿಂದ ನಳಿಕೆ ಹಾಕಿ ಆಪರೇಶನ್ ಮುಗಿಸಿದರು. ತಿಂಗಳಾದ ಮೇಲೆ ಅಜ್ಜನ ಮಗ ಬಂದು ನನ್ನ ಹಣೆಗೆ ಭಂಡಾರ ಹಚ್ಚಿದ. "ಅಪ್ಪನ ಜೀಂವ ನೀವ ಉಳಿಸಿದ್ರಿ ಮ್ಯಾಡಂ" ಅಂದು ಪೊಟ್ಟಣ ಕೈಯಲ್ಲಿಟ್ಟ. ಮಾವಶಿ ಅಲ್ಲೇ ನೆಲ ಒರೆಸುತ್ತಿದ್ದಳು. ನಾನು ಹೌದೆಂಬಂತೆ ತಲೆ ಆಡಿಸಿದೆ, ಅಷ್ಟೆ.

ಅವನು ಹೋದ ಮೇಲೆ ಪೊಟ್ಟಣ ಅವಳಿಗೆ ಕೊಡಲು ಹೋದೆ. "ಇದು ನಿಂದು ಮಾವಶಿ."

ಅವಳು ನಕ್ಕಳು. "ನಮ್ಮ ಮನ್ಯಾಗ ಬುದ್ಧ ಅದಾನ್ರಿ, ಭಂಡಾರ ಒಯ್ದು ಏನ್ ಮಾಡ್ಲಿ? ಆ ಹುಡುಗ ನಿಂತಿದ್ದಾಗ ಒಂದ ಮಾತ ಹೇಳಿದ್ರ ಸಾಕಿತ್ತು."

ನನ್ನ ಮುಖ ಸುಟ್ಟಂತಾಯಿತು. ಇನ್ನೊಮ್ಮೆ ಬಂದರೆ ಹೇಳುತ್ತೇನೆ ಅಂದೆ. ಅವನು ಮತ್ತೆ ಬರಲಿಲ್ಲ. ನಾನು ಸೊಲ್ಲಾಪುರಕ್ಕೆ ಬಂದೆ, ಅವಳು ಕೆಲಸ ಬಿಟ್ಟು ಊರಿಗೆ ಹೋದಳು. ಒಂದು ಸಲ ಹೋಗಿ ಮಾತಾಡಿಸಬೇಕು, ತಪ್ಪಾಯಿತು ಅನ್ನಬೇಕು ಎಂದುಕೊಳ್ಳುತ್ತಲೇ ಇದ್ದೆ... ಹೋದ ತಿಂಗಳು ಅವಳ ಮಗಳ ಫೋನು ಬಂತು. ಮಣ್ಣಾಗಿ ಎಂಟು ದಿನವಾಗಿತ್ತು.

ಇವತ್ತು ಬೆಳಿಗ್ಗೆ ದಾಡಿಯ ರೋಗಿಯೊಬ್ಬ ಮೇಜಿನ ಮೇಲಿದ್ದ. ಮದ್ದು ಕೊಡುವ ಮೊದಲು ಅವನ ದಾಡಿಯೊಳಗೆ ಬೆರಳಿಟ್ಟು ಗದ್ದ ಮುಟ್ಟಿ ನೋಡಿದೆ. ಕಲಿಯಲು ಬಂದ ಹುಡುಗಿಯರು ಯಾಕೆಂದು ಕೇಳಿದರು. ಮೊದಲ ಸಲ ಎಲ್ಲರೆದುರು ಬಾಯಿಬಿಟ್ಟು ಹೇಳಿದೆ: ಮಾವಶಿ ಹೇಳಿದ್ದಳು, ನಾನು ಕೇಳಲಿಲ್ಲ; ಅಜ್ಜನನ್ನು ಉಳಿಸಿದವಳು ಅವಳು.

ಆ ಮಾವಶಿ ಈಗ ಎಲ್ಲಿದ್ದಾರೆ ಎಂದು ಒಬ್ಬಳು ಮರಾಠಿಯಲ್ಲಿ ಕೇಳಿದಳು. ಕಂದಲಗಾಂವ ಅಂದೆ. ಮುಂದಿನದು ಹೇಳಲಾಗಲಿಲ್ಲ. ಇಲ್ಲಿಂದ ಅರ್ಧ ಗಂಟೆಯ ದಾರಿ ಅದು. ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಹೋಗಲಿಲ್ಲ.