ಉಪ್ಪುನೀರು ಹದಕ್ಕೆ ಬರುವ ತನಕ

ನನ್ನ ಗಂಡನ ಅಕ್ಕನಿಗೆ ಸಿಟ್ಟೇ ಬರುವುದಿಲ್ಲ ಎಂದುಕೊಂಡವರಿಗೆ ಏನೂ ಗೊತ್ತಿಲ್ಲ. ನನ್ನ ಸಿಟ್ಟು ಬೀದಿಗೆಲ್ಲ ಕೇಳಿಸುತ್ತದೆ, ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ಇಳಿದೂ ಹೋಗುತ್ತದೆ. ಅಕ್ಕನದು ಹಾಗಲ್ಲ.

ನನ್ನ ಹೊಲಿಗೆ ಅಂಗಡಿಯ ಎದುರಿಗೇ ಅಲಂಕಾರದ ಮೀನಿನ ಅಂಗಡಿ. ಅದರ ಮಾಲೀಕನಿಗೆ ನಾನಿಟ್ಟ ಹೆಸರು ಫಳಫಳ. ಗಾಜು, ನೆಲ, ಚಪ್ಪಲಿ ಎಲ್ಲವೂ ಅವನಿಗೆ ಹೊಳೆಯುತ್ತಿರಬೇಕು. ಅಲ್ಲಿ ಸಮುದ್ರದ ಮೀನು, ಹವಳಗಳನ್ನು ನೋಡಿಕೊಳ್ಳುತ್ತಿದ್ದವಳು ಅಕ್ಕ. ಅವಳು ರಜೆ ಹಾಕಿದ್ದ ದಿನ ಫಳಫಳ ಫಿಲ್ಟರಿನ ಸ್ಪಂಜನ್ನು ಹೊರಗೆ ತಂದು, ನಲ್ಲಿಯ ಕೆಳಗೆ ಸೋಪು ಹಾಕಿ ಬೆಳ್ಳಗಾಗುವ ತನಕ ಉಜ್ಜಿದ. ನಾನು ಕಣ್ಣಾರೆ ಕಂಡೆ. ಆ ಸ್ಪಂಜಿನ ಕಂದು ಕೊಳೆಯಲ್ಲೇ ಮೀನಿನ ಹೊಲಸನ್ನು ತಿಂದು ನೀರನ್ನು ಚೊಕ್ಕವಾಗಿಡುವ, ಕಣ್ಣಿಗೆ ಕಾಣದ ಜೀವಗಳಿರುತ್ತವಂತೆ. ಅವು ಸತ್ತವು, ಹಿಂದೆಯೇ ಮೀನುಗಳೂ ತೇಲಿದವು. ಅವನು ಗಿರಾಕಿಗಳ ಮುಂದೆಯೇ ಅಕ್ಕನ ತಲೆಯ ಮೇಲೆ ಗೂಬೆ ಕೂರಿಸಿದ.

"ಇವಳು ಕ್ಲೀನಾಗಿ ಇಟ್ಕೊಳ್ಳಲ್ಲ, ಅದಕ್ಕೇ ಸತ್ತಿದ್ದು!"

ಕೆಲಸ ಹೋಯಿತು. ಬೇರೆ ಅಂಗಡಿಯವರೂ ಮೀನು ಕೊಂದವಳು ಅಂತ ಬಾಗಿಲಲ್ಲೇ ವಾಪಸು ಕಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಡಿ ಅಕ್ಕ, ಅವನ ನೀರಿಳಿಸಿ ಬರೋಣ" ಅಂದೆ.

"ನಾವು ಕೂಗಾಡಿದ್ರೆ ಯಾರು ನಂಬ್ತಾರೆ? ನಿಜ ಅವನ ಬಾಯಿಂದಾನೇ ಬರ್ಬೇಕು, ಎಲ್ಲರ ಮುಂದೆ" ಅಂದಳು.

ಅಂದವಳೇ ನನ್ನ ಅಂಗಡಿಯ ಕಿಟಕಿಯಲ್ಲಿ ಗಾಜಿನ ತೊಟ್ಟಿ ಇಟ್ಟಳು. ಉಪ್ಪು ಬೆರೆಸಿದ ನೀರು, ಕಲ್ಲು, ಮರಳು, ಒಂದು ಪಂಪು. ವಾರಗಳು ಕಳೆದರೂ ಮೀನಿನ ಸುಳಿವಿಲ್ಲ. ಕಂದು ಪಾಚಿ ಹಬ್ಬಿ ತೊಟ್ಟಿ ಬಚ್ಚಲಿನ ಹಾಗಾಯಿತು. ಫಳಫಳ ರಸ್ತೆ ದಾಟಿ ಬಂದು ಇಣುಕಿದ.

"ಏನಮ್ಮ, ಕಲ್ಲು ಸಾಕ್ತಿದೀರಾ? ಮರಿ ಹಾಕಿದ್ರೆ ಹೇಳಿ!"

ನಾನು ಹಲ್ಲು ಕಡಿಯುತ್ತ ಬ್ರಶ್ ಎತ್ತಿಕೊಂಡರೆ ಅಕ್ಕ ಕಿತ್ತುಕೊಂಡಳು. "ಮುಟ್ಟಬೇಡ. ಅದು ತಾನಾಗೇ ಹೋಗುತ್ತೆ. ಕಣ್ಣಿಗೆ ಕಾಣದ ಆ ಜೀವಗಳು ಬೆಳೆದು ನೀರು ಹದಕ್ಕೆ ಬಂದ್ಮೇಲೇ ಮೀನು."

ಅವಳ ಕೆಲಸ ನೋಡುತ್ತಿದ್ದರೆ ನನಗೆ ಆಕಳಿಕೆ ಬರುತ್ತಿತ್ತು. ಬೆಳಿಗ್ಗೆ ಆವಿಯಾದಷ್ಟು ಸಿಹಿನೀರು ಸುರಿಯುವುದು, ಅಂಚಿಗೆ ಕಟ್ಟಿದ ಉಪ್ಪು ಒರೆಸುವುದು, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸುವುದು, ಹಾಗೆ ತೆಗೆದ ನೀರಿನಲ್ಲೇ ಸ್ಪಂಜನ್ನು ಮೆಲ್ಲಗೆ ಹಿಂಡುವುದು. ಆಮೇಲೆ ಕೈಕಟ್ಟಿ ಕೂತು ಎದುರಂಗಡಿಯನ್ನೇ ನೋಡುವುದು. ಆ ನೋಟಕ್ಕೆ ನನಗೇ ಹೆದರಿಕೆಯಾಗುತ್ತಿತ್ತು.

ಪಾಚಿ ಹೋಯಿತು. ಬಸವನಹುಳುಗಳು ಬಂದವು, ಒಂದೆರಡು ಹವಳದ ತುಂಡು, ಕೊನೆಗೊಂದು ಪುಟ್ಟ ಮೀನು. ಹವಳ ಅರಳಿದ ಮೇಲಂತೂ ಅವನ ಗಿರಾಕಿಗಳು ನಮ್ಮ ಕಿಟಕಿಗೆ ಮೂಗು ಒತ್ತಿ ನಿಲ್ಲತೊಡಗಿದರು.

ಅಷ್ಟರಲ್ಲಿ ಫಳಫಳನ ತೊಳೆಯುವ ಚಟ ಮತ್ತೆ ಕೆರಳಿ, ಅವನ ದೊಡ್ಡ ತೊಟ್ಟಿಯ ನೀರು ಕೆಟ್ಟಿತು. ಬಕೆಟ್ಟಿನಲ್ಲಿ ತನ್ನ ಹಳದಿ ಮೀನನ್ನು ಹೊತ್ತು ಓಡಿ ಬಂದ. ಅದು ಅವನ ಪ್ರಾಣ. ಅಂಗಡಿಯ ಬೋರ್ಡಿನ ಮೇಲೂ ಅದರದೇ ಚಿತ್ರ.

"ನಿಮ್ಮ ನೀರಲ್ಲಿ ಇಟ್ಕೊಳ್ಳಿ ಅಮ್ಮ, ಕೈ ಮುಗೀತೀನಿ."

"ಸಾಯ್ಲಿ ಬಿಡಕ್ಕ!" ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಮೀನೇನು ಪಾಪ ಮಾಡಿತ್ತು?" ಎಂದು ಅಕ್ಕ ನನ್ನನ್ನು ಸರಿಸಿ ಬಕೆಟ್ಟು ತೆಗೆದುಕೊಂಡಳು. ಅವನಿಗೆ ಹೇಳಿದಳು, "ತೊಟ್ಟಿ ಮೊದಲಿಂದ ಶುರು ಮಾಡಿ. ನೀರು ಹದಕ್ಕೆ ಬಂತಾ ಅಂತ ನಾನೇ ನೋಡ್ತೀನಿ. ಆಮೇಲೆ ವಾಪಸ್."

ಮೀನು ಚೇತರಿಸಿಕೊಂಡಿತು. ಅಕ್ಕ ಆಗಾಗ ಅವನಲ್ಲಿಗೆ ಹೋಗಿ, ಸೀಸೆಯಲ್ಲಿ ನೀರು ತುಂಬಿ, ಔಷಧದ ಹನಿ ಬಿಟ್ಟು ಬಣ್ಣ ನೋಡಿ, "ಇನ್ನೂ ಆಗಿಲ್ಲ" ಎಂದು ಬರುತ್ತಾಳೆ. ಬೋರ್ಡಿನ ಮೀನೆಲ್ಲಿ ಎಂದು ಗಿರಾಕಿಗಳು ಕೇಳಿದರೆ ಅವನು ನಮ್ಮ ಕಿಟಕಿಯತ್ತ ಕೈ ತೋರಿಸಬೇಕು. ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ನಿನ್ನೆ ಕೇಳಿದೆ, "ಅಕ್ಕ, ನಿಜವಾಗ್ಲೂ ಇನ್ನೂ ಆಗಿಲ್ವಾ?"

"ಹೋದ ತಿಂಗಳೇ ಅವನ ನೀರು ಹದಕ್ಕೆ ಬಂದಿದೆ" ಅಂದಳು, ತಲೆ ಎತ್ತದೆ. "ಸ್ಪಂಜು ತೊಳೆದಿದ್ದು ತಾನು ಅಂತ ಅವನಿನ್ನೂ ಹೇಳಿಲ್ಲ."

"ಹೇಳ್ದೇ ಹೋದ್ರೆ?"

"ಮೀನು ಇಲ್ಲಿ ಸುಖವಾಗಿದೆ. ನನಗೇನು ಅರ್ಜೆಂಟು?"